ಮೂರನೆಯ ಎಡೆ

ನಮ್ಮೂರಿನ ನೆಲದೊಳಗಿನ ಎಲುಬು ಉಣ್ಣದೆ ಏಳುವುದಿಲ್ಲ. ಪಾಯ ತೋಡುವಾಗ ಸಿಕ್ಕಿದ್ದು ಕಿರುಬೆರಳಿನ ತುಣುಕೇ ಆಗಿರಲಿ, ಅದು ಬದುಕಿದ್ದಾಗ ಏನು ಉಣ್ಣುತ್ತಿತ್ತೋ ಅದನ್ನು ಒಮ್ಮೆ ಬಡಿಸುವವರೆಗೆ ನಾಲ್ಕು ಗಟ್ಟಿ ಆಳು ಸೇರಿ ಹಾರೆ ಹಾಕಿದರೂ ಮಿಸುಕುವುದಿಲ್ಲ. ಹಾರೆ ಬಾಗುತ್ತದೆ, ಅಷ್ಟೆ. ಬಡಿಸಿದ್ದು ಸರಿಹೋಯಿತೋ, ತರಗೆಲೆ ಎತ್ತಿದ ಹಾಗೆ ಕೈಗೆ ಬರುತ್ತದೆ. ಆಮೇಲೆ ಅದನ್ನು ಊರ ಹೊರಗಿನ ಹಿರಿಯರ ತೋಟಕ್ಕೆ ಒಯ್ದು ಮಣ್ಣು ಮಾಡಿ ಬಂದರೆ ಮನೆ ಕಟ್ಟಬಹುದು. ಊರು ಹಳೆಯದು, ಎಲ್ಲಿ ಗುದ್ದಲಿ ಹಾಕಿದರೂ ಯಾರಾದರೊಬ್ಬರು ಹಸಿದು ಮಲಗಿರುತ್ತಾರೆ. ನಮ್ಮ ಬಸ್ ನಿಲ್ದಾಣದ ಗೋಡೆ ನಡುವೆ ಸೊಟ್ಟಗಿರುವುದನ್ನು ನೋಡಿ ಹೊರಗಿನವರು ನಗುತ್ತಾರೆ. ಅಲ್ಲೊಂದು ಮೊಣಕಾಲಿದೆ. ಅದಕ್ಕೆ ಏನು ಬೇಕೆಂದು ಯಾರಿಗೂ ತಿಳಿಯದೆ ಗೋಡೆಯನ್ನೇ ಸುತ್ತಿಸಿ ಕಟ್ಟಿದರು.

ಹಾಗಂತ ಜನ್ಮವಿಡೀ ಬಡಿಸುತ್ತ ಕೂರುವಂತಿಲ್ಲ. ಮೂರು ಎಡೆ, ಮುಗಿಯಿತು. ಅಡುಗೆಯನ್ನು ಜಾಗದವರೇ ಮಾಡಬೇಕು, ಎಡೆ ಇಟ್ಟು ಹೊತ್ತು ಮುಳುಗುವವರೆಗೆ ಕಾಯಬೇಕು. ಮೂರನೆಯ ಎಡೆಗೂ ಎಲುಬು ಏಳದಿದ್ದರೆ ಎಲುಬು ಎತ್ತುವ ಕೆಲಸದ ಮುದುಕಪ್ಪ ಅಲ್ಲಿ ಕಲ್ಲು ನೆಡುತ್ತಾನೆ. ಕಲ್ಲು ಬಿದ್ದ ಮೇಲೆ ಅದು ಗೋರಿ. ಅದರ ಮೇಲೆ ಗೋಡೆ ಏಳುವ ಹಾಗಿಲ್ಲ, ಜಾಗ ಕಳೆದುಕೊಂಡವರು ಅತ್ತರೂ ಅಷ್ಟೆ, ಕರೆದರೂ ಅಷ್ಟೆ. ಇನ್ನೊಂದು ಮಾತು. ಯಾರ ಜಾಗದಲ್ಲಿ ಎಲುಬು ಸಿಕ್ಕಿತೋ ಅದು ಆ ಮನೆಯ ಹಿರಿಯ ಎಂದೇ ಲೆಕ್ಕ. ಹೆಣ್ಣು ನೋಡಲು ಬಂದವರು ಕೂಡ ಚಹಾ ಕುಡಿದು ಕಪ್ಪು ಕೆಳಗಿಡುವ ಮೊದಲೇ ಕೇಳುತ್ತಾರೆ, "ನಿಮ್ಮ ಎಲುಬು ಏನ್ ಉಂಡಿತ್ರಿ?"

ಮೊದಲೆಲ್ಲ ಮುದುಕರು ಊಹೆಯ ಮೇಲೆ ಅಡುಗೆ ಹೇಳುತ್ತಿದ್ದರು, ಅರ್ಧ ಊರು ಗೋರಿಯಾಯಿತು. ಆಮೇಲೆ ಪುರಸಭೆಯ ಹಿಂದಿನ ಶೆಡ್ಡಿಗೆ ಯಂತ್ರ ಬಂತು, ಯಂತ್ರದ ಜೊತೆ ಅದನ್ನು ನಡೆಸುವ ಶಾಹೀನಾ ಬಾಯಾರು ಬಂದರು. ಓದಿದ ಹೆಂಗಸನ್ನು ನಾವು ಬಾಯಾರು ಎನ್ನುವುದು. ಎಲುಬಿನಿಂದ ಚಿಟಿಕೆ ಪುಡಿ ಕೆರೆದು ಒಯ್ಯುತ್ತಾರೆ. ಪುಡಿಗೆ ಹಸಿವಿಲ್ಲ, ಅದು ಬರುತ್ತದೆ. ಐಸೋಟೋಪು ಎಂದರೆ ಏನೆಂದು ನಮ್ಮ ಓಣಿಯ ಹೆಂಗಸರಿಗೂ ಈಗ ಗೊತ್ತು. ಇಂಗಾಲದಲ್ಲಿ ಹಗುರದ್ದೊಂದು, ತೂಕದ್ದೊಂದು ಇರುತ್ತದಂತೆ. ಜೋಳ, ಸಜ್ಜೆ, ನವಣೆ ಉಂಡವರ ಎಲುಬಿನಲ್ಲಿ ತೂಕದ್ದು ಹೆಚ್ಚು, ಅಕ್ಕಿ ಗೋಧಿ ಉಂಡವರಲ್ಲಿ ಕಡಿಮೆ. ಸಾರಜನಕದಲ್ಲೂ ಹೀಗೇ ಎರಡಿವೆ, ಅದರದು ಮೆಟ್ಟಿಲ ಲೆಕ್ಕ. ಸೊಪ್ಪು ತಿಂದ ಆಡು ಸೊಪ್ಪಿಗಿಂತ ಒಂದು ಮೆಟ್ಟಿಲು ಮೇಲೆ, ಆಡು ತಿಂದ ಮನುಷ್ಯ ಆಡಿಗಿಂತ ಒಂದು ಮೆಟ್ಟಿಲು ಮೇಲೆ. ಹಲ್ಲು ಕೆರೆದರೆ ಇನ್ನೂ ಬೇರೆ ಬೇರೆ ಗೊತ್ತಾಗುತ್ತದೆ, ಚಿಕ್ಕಂದಿನಲ್ಲಿ ಎಂಥ ನೀರು ಕುಡಿದರು, ಆಗ ಮಳೆ ಹೇಗಿತ್ತು ಅಂತ. ಆದರೆ ನಮಗೆ ಬೇಕಾದದ್ದು ಅಡುಗೆ. ಮಳೆಯ ವಿಷಯ ಕೇಳಿಕೊಂಡು ಯಾರೂ ಆ ಶೆಡ್ಡಿಗೆ ಹೋಗುತ್ತಿರಲಿಲ್ಲ, ಬಾಯಾರೂ ಅದನ್ನು ಕೇಳದೆ ಹೇಳುತ್ತಿರಲಿಲ್ಲ.

ಈಗ ಫಕೀರವ್ವನ ಮಾತಿಗೆ ಬರುತ್ತೇನೆ. ಫಕೀರವ್ವ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಮೈದುನ ತೀರಿಕೊಂಡ ಮೇಲೆ ಮಗಳು ನೀಲಿಯನ್ನು ಕಟ್ಟಿಕೊಂಡು ನಮ್ಮ ಮನೆಯಲ್ಲೇ ಇದ್ದಳು. ಸುಳ್ಳು ಯಾಕೆ ಹೇಳಲಿ, ಒಂದು ಒಲೆಗೆ ಇಬ್ಬರು ಹೆಂಗಸರು ಹೊಂದುವುದಿಲ್ಲ. ಅವಳು ಪಲ್ಯಕ್ಕೆ ಖಾರ ಹಾಕಿದರೆ ನನಗೆ ಕಣ್ಣುರಿ, ನಾನು ಹಾಕಿದರೆ ಅವಳಿಗೆ ಸಪ್ಪೆ. ನನ್ನ ಮಾತೂ ಸ್ವಲ್ಪ ಒರಟು. "ಹಿಟ್ಟು ಸ್ವಲ್ಪ ನೋಡ್ಕೊಂಡು ಕಲಸವ್ವ" ಅಂದದ್ದಕ್ಕೆ ಅವಳು ಆ ರಾತ್ರಿ ಉಣ್ಣದೆ ಮಲಗಿದಳು. ಉಂಡರೆ ಹಂಗಿನ ಕೂಳು, ಬಿಟ್ಟರೆ ಸಿಟ್ಟು ಎನ್ನುತ್ತಾರೆ, ಅವಳು ಎರಡರ ನಡುವೆ ಒದ್ದಾಡುತ್ತಿದ್ದಳು. ಅವಳಿಗೆಂದು ಗಂಡ ಬಿಟ್ಟುಹೋದದ್ದು ಒಂದೇ, ಕುಂಬಾರ ಓಣಿಯ ತುದಿಯಲ್ಲಿ ಒಂದು ತುಂಡು ಜಾಗ. ಅಲ್ಲೊಂದು ಕೋಣೆ, ಕೋಣೆಯಲ್ಲೊಂದು ಒಲೆ. ಅವಳಿಗೆ ಬೇರೆ ಕನಸೇ ಇರಲಿಲ್ಲ. "ನನ್ನ ಒಲಿ ಮ್ಯಾಲೆ ಗಂಜಿ ಕಾಸಿದ್ರೂ ನಡೀತೈತಿ ಅಕ್ಕಾ, ನೀಲಿ ಎರಡನೇ ರೊಟ್ಟಿ ಕೇಳೂಮುಂದ ಮಂದಿ ಮಾರಿ ನೋಡಬಾರ್ದು" ಎಂದು ನನ್ನ ಎದುರಿಗೇ ಹೇಳಿದ್ದಳು. ಆ ಮಂದಿ ನಾನೇ. ಚುಚ್ಚಿತು, ಆದರೆ ಹೇಳಿದ್ದು ಖರೆ.

ಪಾಯ ತೋಡಲು ಶುರುಮಾಡಿದ ಕೂಡಲೇ ಒಂದು ಕೂಸು ಸಿಕ್ಕಿತು. ಐದಾರು ವರ್ಷದ ಹುಡುಗಿ ಇರಬೇಕು ಎಂದರು ಬಾಯಾರು. ಯಂತ್ರ ನವಣೆ ಅಥವಾ ಸಜ್ಜೆ ಅಂದಿತು, ಮಾಂಸದ ಸುಳಿವಿಲ್ಲ. ಫಕೀರವ್ವ ನವಣೆ ಗಂಜಿ ಕಾಸಿ ಬೆಲ್ಲ ಹಾಕಿ ಎಡೆ ಇಟ್ಟಳು. ಹೊತ್ತು ನೆತ್ತಿಗೆ ಬರುವುದರೊಳಗೆ ಹುಡುಗಿ ಎದ್ದಳು. ಮುದುಕಪ್ಪ ಮೊರದಲ್ಲಿ ಹಾಕಿಕೊಂಡು ಹಿರಿಯರ ತೋಟಕ್ಕೆ ಒಯ್ದ. ಫಕೀರವ್ವನ ಮುಖ ನೋಡಬೇಕಿತ್ತು, ನಾಳೆಯೇ ಗೃಹಪ್ರವೇಶ ಅನ್ನುವ ಹಾಗಿದ್ದಳು. ಮರುದಿನ ಇನ್ನಷ್ಟು ಕೆಳಗೆ ತೋಡಿದಾಗ ಗುದ್ದಲಿ ಠಣ್ ಎಂದಿತು. ಹುಡುಗಿಯ ಕೆಳಗೇ ಒಬ್ಬ ಗಂಡಸು ಮಲಗಿದ್ದ, ದೊಡ್ಡ ಆಳು.

ಬಾಯಾರು ಬಂದು ಅವನ ಪಕ್ಕೆಲುಬು ಕೆರೆದುಕೊಂಡು ಹೋದರು. ಯಂತ್ರದ ಮಾತು ಕೇಳಿ ಓಣಿಗೆ ಓಣಿಯೇ ಬೆರಗಾಯಿತು. ಇಂಗಾಲ ಹುಡುಗಿಯ ಹಾಗೇ ಇದೆ, ಸಾರಜನಕ ಮಾತ್ರ ಇಡೀ ಒಂದು ಮೆಟ್ಟಿಲು ಮೇಲೆ.

"ಬಾಡು ತಿಂದಾನ ಈ ಮನಷ್ಯಾ, ಅದೂ ದಿನಾ ಅನ್ನೂ ಹಂಗ" ಎಂದರು ಬಾಯಾರು. "ಸಜ್ಜಿ ದಂಟು ಮೇಯ್ದ ಆಡಿನ ಬಾಡು ತಿಂದ್ರ ಇಂಗಾಲ ಹಿಂಗ ಕಾಣತೈತಿ. ಲೆಕ್ಕ ಕೂಡತೈತಿ."

"ಕೂಸಿಗೆ?" ಎಂದಳು ಫಕೀರವ್ವ.

"ಕೂಸಿಗೆ ಬರೇ ನವಣಿ."

ಅಷ್ಟೇ ಸಾಕಾಯಿತು. ಸಂಜೆಯೊಳಗೆ ಊರೆಲ್ಲ ಸುದ್ದಿ. ತಾನು ಬಾಡು ಜಗಿದು ಕೂಸಿಗೆ ನವಣೆ ಗಂಜಿ ಹಾಕಿದ ಪಾಪಿ ಫಕೀರವ್ವನ ಜಾಗದಲ್ಲಿ ಸಿಕ್ಕಿದ್ದಾನೆ ಅಂತ. ನೀರಿಗೆ ಹೋದರೆ ನಲ್ಲಿಯ ಹತ್ತಿರ ಹೆಂಗಸರು ಕೊಡ ಸರಿಸಿಕೊಳ್ಳುತ್ತಿದ್ದರು. "ಇವರ ಮನಿ ಹಿರಿಯಾ ಬಾಡುಬಾಕಂತ" ಎಂದು ಕೇಳುವ ಹಾಗೇ ಆಡಿಕೊಂಡರು. ನಾಳೆ ನೀಲಿಯನ್ನು ನೋಡಲು ಬಂದ ಗಂಡಿನ ಕಡೆಯವರು ಎಲುಬಿನ ವಿಷಯ ಎತ್ತಿದರೆ ಏನು ಹೇಳುವುದು ಎಂದು ನನ್ನ ಗಂಡನಿಗೂ ಚಿಂತೆ ಹತ್ತಿತು. ಫಕೀರವ್ವನಂತೂ ಉರಿದುಬಿದ್ದಳು. "ಇವನ ಮಾರಿಗಿಷ್ಟು ಬೆಂಕಿ ಹಾಕ! ಎದುರಿಗೆ ಕೂಸು ಕುಂತಿರ್ತೈತಿ, ಇವನ ಗಂಟಲಾಗ ತುತ್ತು ಹ್ಯಾಂಗ ಇಳೀತು?" ಎಂದು ಗುಂಡಿಯ ಅಂಚಿಗೆ ನಿಂತೇ ಬೈದಳು.

ಮೊದಲ ಎಡೆಗೆ ನಮ್ಮ ಮನೆಯ ಹೋತ ಹೋಯಿತು. ಹಬ್ಬಕ್ಕೆಂದು ಮೇಯಿಸಿದ ಹೋತ, ನನ್ನ ಹೊಟ್ಟೆ ಉರಿಯಿತು, ಆದರೆ ಇವಳು ಬೇರೆ ಮನೆ ಮಾಡಿದರೆ ಸಾಕಪ್ಪಾ ಎಂದು ಸುಮ್ಮನಿದ್ದೆ. ಫಕೀರವ್ವ ಮಸಾಲೆ ಅರೆದು ಘಮ್ಮೆನ್ನುವ ಸಾರು ಮಾಡಿ ಬಡಿಸಿದಳು, ಬಡಿಸುವಾಗಲೂ ಬಾಯಿ ಸುಮ್ಮನಿರಲಿಲ್ಲ. ಹೊತ್ತು ಮುಳುಗಿತು. ಮುದುಕಪ್ಪ ಇಳಿದು ತೊಡೆಯ ಎಲುಬಿಗೆ ಕೈ ಹಾಕಿ ಮುಕ್ಕಿರಿದ. ಊಹೂಂ. "ಬೈಕೋತ ಬಡಿಸಿದ್ರ ಯಾವನರ ಉಣ್ತಾನೇನವ್ವ? ಬಾಯಿ ಮುಚ್ಚಿಕೊಂಡು ಬಡಸು" ಎಂದೆ ನಾನು.

ಎರಡನೆಯ ಎಡೆಗೆ ಅವಳು ಬಾಯಿ ಮುಚ್ಚಿಕೊಂಡೇ ಬಡಿಸಿದಳು. ಹಳ್ಳದ ಮೀನು, ಕೋಳಿ, ಮತ್ತೆ ಕುರಿಯ ಬಾಡು, ಮೇಲೆ ತುಪ್ಪ. ಯಂತ್ರದ ಲೆಕ್ಕಕ್ಕೆ ಮೀನೂ ಮೇಲಿನ ಮೆಟ್ಟಿಲೇ, ಯಾವುದಕ್ಕೂ ಇರಲಿ ಎಂದು ಬಾಯಾರು ಹೇಳಿದ್ದರು. ನಮ್ಮ ಮದುವೆಗಳಲ್ಲಿ ಕೂಡ ಅಷ್ಟು ಬಗೆ ಮಾಡಿರಲಿಲ್ಲ. ಅವನು ಮಿಸುಕಲಿಲ್ಲ. ಇನ್ನೂ ಭಾರವಾಗಿದ್ದಾನೆ ಎಂದ ಮುದುಕಪ್ಪ, ಸೊಂಟ ಹಿಡಿದುಕೊಂಡು ಮೇಲೆ ಬಂದ. ಬರುವಾಗಲೇ ಜಾಗದ ಸುತ್ತ ಒಮ್ಮೆ ಕಣ್ಣಾಡಿಸಿದ. ಕಲ್ಲು ಎಲ್ಲಿ ನೆಟ್ಟರೆ ಚೆನ್ನ ಎಂದು ನೋಡುತ್ತಿದ್ದಾನೆಂದು ನಮಗೆಲ್ಲ ತಿಳಿಯಿತು. ಫಕೀರವ್ವನಿಗೂ ತಿಳಿಯಿತು. ಅವಳು ಗುಂಡಿಯ ಪಕ್ಕ ಕುಕ್ಕರಿಸಿದವಳು ಏಳಲೇ ಇಲ್ಲ, ನಾನೇ ರಟ್ಟೆ ಹಿಡಿದು ಎಬ್ಬಿಸಿಕೊಂಡು ಬರಬೇಕಾಯಿತು.

ಮನೆಗೆ ಬಂದು ಅವಳು ಒಲೆಯ ಹತ್ತಿರ ಹೋಗಲಿಲ್ಲ. "ಇನ್ನ ಸಾಯೂತನಕ ನಿನ್ನ ಒಲೀನ ಅಕ್ಕಾ. ಖಾರ ಎಷ್ಟ ಹಾಕ್ಬೇಕು ಹೇಳಿಬಿಡು, ಅಷ್ಟ ಹಾಕ್ತೀನಿ" ಎಂದಳು. ಇಷ್ಟು ದಿನ ನಾನು ಬಯಸಿದ್ದು ಇದೇ ಮಾತನ್ನು. ಕೇಳಿದಾಗ ನನಗೆ ಅಳು ಬಂತು.

ಆ ರಾತ್ರಿ ಶಾಹೀನಾ ಬಾಯಾರಿಗೂ ನಿದ್ದೆ ಹತ್ತಿರಲಿಲ್ಲವೆಂದು ಕಾಣುತ್ತದೆ. ಅವರು ಮತ್ತೆ ಗುಂಡಿಗೆ ಇಳಿದಿದ್ದರು. ಅವನ ತಲೆಬುರುಡೆಗೆ ಒಣಮಣ್ಣಿನಲ್ಲಿ ಒಂದಿಷ್ಟು ಉದ್ದನೆಯ ಕೂದಲು ಅಂಟಿಕೊಂಡು ಉಳಿದಿತ್ತಂತೆ, ಕತ್ತರಿಸಿ ಒಯ್ದರು. ಎಲುಬು ಮೆಲ್ಲಗೆ ಬೆಳೆಯುವಂಥದ್ದು, ಹಲವಾರು ವರ್ಷದ ಊಟವನ್ನು ಕಲಸಿ ಒಟ್ಟಿಗೆ ಹೇಳುತ್ತದೆ. ಕೂದಲು ಹಾಗಲ್ಲ, ತಿಂಗಳು ತಿಂಗಳಿಗೆ ಬೇರೆ ಹೇಳುತ್ತದೆ. ಬುಡದ್ದು ಸಾಯುವ ಹೊತ್ತಿನದು, ತುದಿಯದು ಅದಕ್ಕಿಂತ ವರ್ಷಗಳ ಹಿಂದಿನದು. ಅದನ್ನು ಚೂರು ಚೂರು ಮಾಡಿ ಯಂತ್ರಕ್ಕೆ ಹಾಕಿ, ಹಾಗೇ ಮೊದಲೇ ಕೆರೆದಿಟ್ಟಿದ್ದ ಹುಡುಗಿಯ ಹಲ್ಲಿನ ಪುಡಿಯನ್ನೂ ಹಾಕಿ ನೋಡಿ, ಮುಂಜಾನೆ ನಮ್ಮ ಮನೆಗೇ ಬಂದರು. ಚಪ್ಪಲಿ ಕೂಡ ಬಿಡದೆ ಕಟ್ಟೆಯ ಮೇಲೆ ಕೂತರು.

"ತಪ್ಪು ನನ್ದು ಫಕೀರವ್ವ" ಎಂದರು. "ಮೆಟ್ಟಲ ಏರೈತಿ ಅಂದಕೂಡ್ಲೆ ಬಾಡು ಅಂದುಬಿಟ್ಟೆ. ಕೂದಲಾ ನೋಡಿದೆ ನಿನ್ನೆ. ತುದೀಗೆ ಅವನೂ ಹುಡುಗಿ ಹಂಗ ನವಣಿ ಉಂಡಾನ. ಬುಡಕ್ಕ ಬಂದಂಗ ಬಂದಂಗ ಸಾರಜನಕ ಏರಕೋತ ಹೊಂಟೈತಿ, ನಿಲ್ಲೂದ ಇಲ್ಲ. ಇಂಗಾಲ ಮಾತ್ರ ಇಳೀತೈತಿ. ಬಾಡು ತಿನ್ನೋರದು ಹಂಗ ಆಗೂದಿಲ್ಲ."

"ಮತ್ತ ಏನ್ ತಿಂದಾನ್ರಿ?"

"ಆಡು ತಿಂದವ ಆಡಿಗಿಂತ ಒಂದು ಮೆಟ್ಟಲ ಮ್ಯಾಲ ಅಂತೀವಲ್ಲ. ಮನಷ್ಯಾಗ ತಿನ್ನಾಕ ಏನೂ ಇಲ್ಲಂದ್ರ ಮೈ ತನ್ನ ತಾನ ತಿಂತೈತಿ. ಕೊಬ್ಬು ತಿಂತೈತಿ, ಆಮ್ಯಾಲ ಖಂಡ. ಆವಾಗ ಅವ ತನಗಿಂತ ತಾನ ಒಂದು ಮೆಟ್ಟಲ ಮ್ಯಾಲ ಹೋಗ್ತಾನ. ಉಪಾಸ ಸತ್ತಾನವ್ವ ಇವ. ಒಂದೆರಡು ದಿನದ್ದಲ್ಲ, ವರ್ಷಗಟ್ಟಲೆ ಅರೆಹೊಟ್ಟಿ, ಕಡೀಕ ಪೂರಾ ಉಪಾಸ."

ಹುಡುಗಿಯ ಹಲ್ಲಿನಲ್ಲಿ ನೀರಿನ ಗುರುತೂ ಕೆಟ್ಟಿತ್ತು. ಬಿಸಿಲಿಗೆ ಬತ್ತಿ ಬತ್ತಿ ತಳದಲ್ಲಿ ಉಳಿದ ಕೆರೆಯ ನೀರನ್ನೇ ಆ ಕೂಸು ಹುಟ್ಟಿದಾಗಿನಿಂದ ಕುಡಿದಿತ್ತು. ದೊಡ್ಡ ಬರ. ಅಡುಗೆಗೆ ಬೇಕಿಲ್ಲವೆಂದು ಆ ಪುಡಿಯನ್ನು ಬಾಯಾರು ಮೊದಲು ಯಂತ್ರಕ್ಕೇ ಹಾಕಿರಲಿಲ್ಲ, ಹಾಕಿ ಎಂದು ನಾವೂ ಹೇಳಿರಲಿಲ್ಲ.

"ಮತ್ತ ಹುಡುಗಿ?" ಎಂದೆ ನಾನು. "ಆಕಿ ಎಲುಬು ಸರಿ ಇತ್ತಲ್ರಿ?"

"ಆಕಿದು ಕಡೀತನಕ ಸರಿ ಐತಿ. ಆಕಿ ಹಸಿವಿಲೆ ಸತ್ತಿಲ್ಲ, ಜ್ವರಾನೋ ಏನೋ ಬಂದಿರಬೇಕು. ದಿನಾ ಉಂಡಾಳ. ಎಲ್ಲಿಂದ ಉಂಡ್ಲು ಅಂತ ನೀವ ತಿಳಕೋರಿ." ಅವನು ಅವಳಿಗೆ ಅಪ್ಪನೋ, ಕಾಕನೋ, ದಾರಿಯಲ್ಲಿ ಸಿಕ್ಕ ಯಾರೋ, ಅದನ್ನು ಮಾತ್ರ ತನ್ನ ಯಂತ್ರ ಹೇಳುವುದಿಲ್ಲ ಎಂದರು.

ಫಕೀರವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯ ಶಿವನೇ, ಏನೇನ್ ಅಂದ್ನೆಲ್ಲೋ ಯಪ್ಪಾ ನಿನಗ" ಎಂದು ಗೋಳಾಡಿದಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಅಳಬೇಕಾದ್ದೇ, ನಾವೆಲ್ಲ ಅಳಬೇಕಾದ್ದೇ.

ಮೂರನೆಯ ಎಡೆಗೆ ಏನು ಇಡುವುದು ಎಂದು ಮತ್ತೆ ಪಂಚಾಯಿತಿ. ಅವನು ಕಡೆಗೆ ಉಂಡದ್ದು ತನ್ನ ಮೈಯನ್ನೇ, ಅದನ್ನು ಹೇಗೆ ಬಡಿಸುತ್ತೀರಿ? ತಪ್ಪಿದರೆ ಜಾಗ ಹೋಯಿತು, ಇನ್ನೊಂದು ಸಲ ಎಂಬುದಿಲ್ಲ. ಮುದುಕಪ್ಪನಂತೂ ತನ್ನ ಕಾಲದಲ್ಲಿ ಇಂಥ ಎಲುಬು ಕಂಡಿಲ್ಲ ಎಂದು ಕೈ ಚೆಲ್ಲಿದ. ಫಕೀರವ್ವ ಯಾರನ್ನೂ ಕೇಳಲಿಲ್ಲ. ಹಸಿದ ಹೊಟ್ಟೆಗೆ ಗಟ್ಟಿ ಆಗಿಬರುವುದಿಲ್ಲವೆಂದು ನವಣೆಯನ್ನು ನುಣ್ಣಗೆ ಬೀಸಿ, ತೆಳ್ಳಗೆ ಅಂಬಲಿ ಕಾಸಿ, ಉಪ್ಪು ಹಾಕಿ, ದೊಡ್ಡ ಗಡಿಗೆ ತುಂಬ ಒಯ್ದಳು. ಬಟ್ಟಲಿಗೆ ಬಗ್ಗಿಸಿ ಅವನ ತಲೆಯ ಹತ್ತಿರ ಇಟ್ಟಳು.

ಊರು ನೆರೆದಿತ್ತು. ನಲ್ಲಿಯ ಹತ್ತಿರ ಕೊಡ ಸರಿಸಿದವರೂ ಬಂದಿದ್ದರು. ಮಧ್ಯಾಹ್ನ ಮುದುಕಪ್ಪ ಒಮ್ಮೆ ಕೈ ಹಾಕಿ ನೋಡಿದ, ಇಲ್ಲ. ಹೊತ್ತು ಇಳಿದಾಗ ನೋಡಿದ, ಇಲ್ಲ. ಅಂಬಲಿಯ ಮೇಲೆ ಕೆನೆ ಕಟ್ಟಿತು. ಬಾಯಾರು ಅತ್ತಿಂದಿತ್ತ ಓಡಾಡುತ್ತ, "ಲೆಕ್ಕ ಸರಿ ಐತಿ, ಈ ಸಲ ಲೆಕ್ಕ ಸರಿ ಐತಿ" ಎನ್ನುತ್ತಿದ್ದರು. ಬಿಸಿಲು ಕುಂಬಾರರ ಆವಿಗೆಯ ಹಿಂದೆ ಸರಿದಾಗ ಮುದುಕಪ್ಪ ತಲೆ ಕೆಳಗೆ ಹಾಕಿ, "ಕಲ್ಲು ತರ್ರಿ" ಎಂದ. ಅವನ ಆಳುಗಳು ಗಾಡಿಯ ಕಡೆ ಹೋದರು.

ಫಕೀರವ್ವ ಗುಂಡಿಯ ಅಂಚಿನಲ್ಲಿ ಕೂತೇ ಇದ್ದಳು. ನಿನ್ನೆ ರಾತ್ರಿಯಿಂದ ಬಾಯಿಗೆ ಏನೂ ಹಾಕಿರಲಿಲ್ಲ, ತುಟಿ ಒಣಗಿ ಬಿಳಿಚಿತ್ತು. ನಾನು ಅರಿವೆಯಲ್ಲಿ ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಖಾರದ ಹಿಂಡಿ ಬಿಚ್ಚಿ ಅವಳ ಕೈಗೆ ತುರುಕಿದೆ. "ಹೋದದ್ದು ಹೋತು. ಎರಡ ತುತ್ತು ತಿನ್ನು, ಇಲ್ಲೇ ಬಿದ್ದಗಿದ್ದಿ."

"ನೀಲಿ ಉಂಡ್ಲೇನಕ್ಕ?" ಎಂದಳು.

"ಉಂಡಾಳ ಮಾರಾಯ್ತಿ. ಮೂರು ರೊಟ್ಟಿ ತಿಂದು ಕೈ ತೊಳಕೊಂಡಾಳ, ನಾನ ಮುಂದ ಕುಂತು ಹಾಕೀನಿ. ನೀ ತಿನ್ನು."

ಅವಳು ರೊಟ್ಟಿ ಮುರಿದಳು. ತುತ್ತು ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ನನ್ನ ಮುಖ ನೋಡಿದಳು, ಗುಂಡಿ ನೋಡಿದಳು.

"ಅಕ್ಕಾ," ಎಂದಳು, "ಆ ಕೂಸು ಉಂಡಿದ್ದು ಇವಗ ಯಾರ್ ಹೇಳ್ಯಾರ?"

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಅವಳು ರೊಟ್ಟಿಯನ್ನು ನನ್ನ ಮಡಿಲಿಗೆ ಹಾಕಿ ಗುಂಡಿಗೆ ಇಳಿದಳು. ಕಲ್ಲು ಹೊತ್ತು ಬರುತ್ತಿದ್ದವರಿಗೆ ಮುದುಕಪ್ಪ ಕೈ ಅಡ್ಡ ಮಾಡಿದ, ಬಿಸಿಲಿನ್ನೂ ಒಂದಿಷ್ಟು ಇತ್ತು. ಅವಳು ಅವನ ತಲೆಯ ಹತ್ತಿರ ಕೂತು, ಅಂಬಲಿಯ ಮೇಲಿನ ಕೆನೆಯನ್ನು ಬೆರಳಿನಿಂದ ತೆಗೆದು, ನಾಚಿಕೆಯ ನೆಂಟರಿಗೆ ಹೇಳುವ ಹಾಗೆ ಹೇಳಿದಳು.

"ಯಪ್ಪಾ, ಕೂಸು ಉಂಡೈತಿ. ನಾನ ಉಣಿಸೀನಿ, ನನ್ನ ಕೈಯಾರೆ. ನವಣಿ ಗಂಜಿ, ಬೆಲ್ಲ ಹಾಕಿದ್ದೆ. ಬಟ್ಟಲಾ ನೆಕ್ಕಿ ಉಂಡ್ಲು. ಹೊಟ್ಟಿ ತುಂಬಿ ತೋಟದಾಗ ಮಲಗ್ಯಾಳ. ಇದು ನಿಂದು. ಗಡಿಗ್ಯಾಗ ಇನ್ನೂ ಐತಿ, ಅದೂ ನಿಂದ. ಯಾರಿಗೂ ಎತ್ತಿಡೂದು ಬ್ಯಾಡ. ಉಣ್ಣು ನನ್ನಪ್ಪಾ."

ಎಡೆಯ ಅನ್ನ ಇಟ್ಟದ್ದು ಇಟ್ಟ ಹಾಗೇ ಇರುತ್ತದೆ, ಬಟ್ಟಲು ನೆಕ್ಕುವ ಎಲುಬನ್ನು ನಮ್ಮೂರಲ್ಲಿ ಯಾರೂ ಕಂಡವರಿಲ್ಲ. ಆದರೂ ಯಾರೂ ನಗಲಿಲ್ಲ.

ಫಕೀರವ್ವ ಮುದುಕಪ್ಪನನ್ನು ಕರೆಯಲಿಲ್ಲ. ತಾನೇ ಕಾಲು ಅಗಲಿಸಿ ಊರಿ, ಹಲ್ಲು ಕಚ್ಚಿ, ತೊಡೆಯ ಎಲುಬಿಗೆ ಎರಡೂ ಕೈ ಹಾಕಿ ಜಗ್ಗಿದಳು. ಅಷ್ಟು ಬಲ ಬೇಕಿರಲಿಲ್ಲ. ಎಲುಬಿನ ಸಮೇತ ಹಿಂದಕ್ಕೆ ಹೋಗಿ ಕುಂಡೆ ಊರಿ ಬಿದ್ದಳು. ಜನರೆಲ್ಲ ಗೊಳ್ಳೆಂದು ನಕ್ಕರು, ಬಾಯಾರು ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮುದುಕಪ್ಪ ಕಲ್ಲು ವಾಪಸು ಒಯ್ಯಲು ಹೇಳಿ, ಮೊರ ಹಿಡಿದುಕೊಂಡು ಇಳಿದು, "ಎಲ್ಲಿ ಮಲಗಸೂದು ಇವನ್ನ?" ಎಂದು ಕೇಳಿದ.

"ಕೂಸಿನ ಬಾಜೂಕ" ಎಂದಳು ಫಕೀರವ್ವ. ಎಲುಬನ್ನು ಮೊರಕ್ಕೆ ಹಾಕದೆ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು. "ಅಕ್ಕಾ, ಹಿಡದು ನೋಡಿಲ್ಲೆ. ಇಷ್ಟ ಅದಾನ."

ನಾನು ಇಳಿದು ಹಿಡಿದು ನೋಡಿದೆ. ಉಂಡೆದ್ದ ಎಲುಬೆಲ್ಲ ಹಗುರವೇ, ನಮ್ಮೂರಲ್ಲಿ ಅದೇನು ಹೊಸತಲ್ಲ. ಆದರೆ ಈ ಮನುಷ್ಯ ಬದುಕಿದ್ದಾಗಲೇ, ಆ ಕೂಸಿಗೆ ಕಡೆಯ ಗಂಜಿ ಕುಡಿಸಿ ಬಟ್ಟಲು ತೊಳೆದಿಟ್ಟ ದಿನವೇ, ಇದಕ್ಕಿಂತ ಹೆಚ್ಚೇನೂ ಭಾರ ಇದ್ದಿರಲಿಕ್ಕಿಲ್ಲ.